ಆರು ಎಮುಗಳ ಸೀಗೀ ಹುಣ್ಣಿಮೆ

ವನ್ಯಜೀವಿ ಉದ್ಯಾನದಲ್ಲಿ ಕೆಲಸ ಮಾಡುವವನು ಪ್ರಾಣಿಗಳನ್ನು ಹೊರಗೆ ಬಿಟ್ಟು ತಾನು ಒಳಗೆ ಸಿಕ್ಕಿಕೊಳ್ಳಬಾರದು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದ ವಿಷಯ ಎಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಕಳೆದ ಸೀಗೀ ಹುಣ್ಣಿಮೆಯ ದಿನ ನಾನು ಅದನ್ನು ಮಾಡಿ ತೋರಿಸಿದೆ. ಆರು ಎಮುಗಳು ತಂತಿ ಬೇಲಿಯ ಆಚೆ, ನಾನೊಬ್ಬ ಈಚೆ, ಗೇಟಿನ ಚಿಲಕ ಹೊರಗಡೆಯಿಂದ ಬಿದ್ದಿದೆ. ತಪ್ಪು ಯಾರದೆಂದು ಹುಡುಕುವ ತೊಂದರೆ ಓದುಗರು ತೆಗೆದುಕೊಳ್ಳುವುದು ಬೇಡ. ಎಮುಗಳಿಗೆ ಹೊರಗೆ ಹೋಗುವ ಆಸೆ ಹುಟ್ಟಿಸಿದವನು ನಾನು, ಗೇಟು ತೆಗೆದವನು ನಾನು, ಅವು ಆರೂ ಹೋದ ಮೇಲೆ ಬಹಳ ಎಚ್ಚರಿಕೆಯಿಂದ ಗೇಟು ಹಾಕಿದವನೂ ನಾನೇ. ಇಷ್ಟಾದರೂ ಆ ದಿನವನ್ನು ನನ್ನ ಬದುಕಿನ ಅತಿ ದೊಡ್ಡ ಗೆಲುವಿನ ದಿನವೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ನನಗೆ ನಾಚಿಕೆ ಕಡಿಮೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ನನ್ನ ದೋಷವೆಲ್ಲ ಇರುವುದು ಬಾಯಲ್ಲಿ. ಯಾರ ದನಿ ಕಿವಿಗೆ ಬಿದ್ದರೂ ಅದು ನನ್ನ ಬಾಯಿಂದ ಹೊರಗೆ ಬರುವ ತನಕ ಹೊಟ್ಟೆಯೊಳಗೆ ಕೂತು ಕಾಡುತ್ತದೆ. ಗುಡಗೇರಿಯಲ್ಲಿ ಏಳನೆಯ ಇಯತ್ತೆ ಓದುವಾಗ ಒಂದು ಮಧ್ಯಾಹ್ನ ಕಿಟಕಿಯ ಹೊರಗೆ ನಿಂತು ಹೆಡ್‌ಮಾಸ್ತರರ ದನಿಯಲ್ಲಿ, "ಇವತ್ತ ಸಾಲಿ ಸೂಟಿ, ಎಲ್ಲಾರೂ ಮನಿಗೆ ನಡೀರಿ" ಅಂದೆ. ಹುಡುಗರು ಪಾಟಿಚೀಲ ಹುಡುಕುವಷ್ಟರಲ್ಲಿ ಕನ್ನಡ ಮಾಸ್ತರರು ಬಸ್ ಸ್ಟ್ಯಾಂಡ್ ಮುಟ್ಟಿದ್ದರು. ಮರುದಿನ ನನಗೆ ಬಿದ್ದ ಪೆಟ್ಟುಗಳಲ್ಲಿ ಅರ್ಧ ಹೆಡ್‌ಮಾಸ್ತರರದು, ಉಳಿದರ್ಧ ಕನ್ನಡ ಮಾಸ್ತರರದು. ಆಗಿನಿಂದ ಈಗಿನವರೆಗೆ ಅಪ್ಪನ ಕೆಮ್ಮು, ಕಂಡಕ್ಟರನ ಸೀಟಿ, ಸಂತೆಯಲ್ಲಿ ಬದನೆಕಾಯಿ ಮಾರುವವಳ ಜಗಳ, ರೈಲ್ವೆ ಸ್ಟೇಷನ್ನಿನ ಘೋಷಣೆ ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇವೆ. ನನ್ನದೇ ಆದ ದನಿಗೆ ಮಾತ್ರ ಅಲ್ಲಿ ಜಾಗ ಸಾಲದು. ಫೋನಿನಲ್ಲಿ ನನ್ನ ಸ್ವಂತ ದನಿಯಲ್ಲಿ ಮಾತಾಡಿದರೆ ಅವ್ವ, "ಯಾರ್ರೀ ಮಾತಾಡೂದು? ಬಸ್ಯಾ ಮನ್ಯಾಗಿಲ್ರಿ" ಎಂದು ಇಟ್ಟುಬಿಡುತ್ತಾಳೆ.

ಅಪ್ಪನದು ಕಾಳುಕಡಿ ವ್ಯಾಪಾರ. ನಾನು ಪ್ರಾಣಿ ನೋಡಿಕೊಳ್ಳುವ ಕೆಲಸಕ್ಕೆ ಸೇರುತ್ತೇನೆ ಎಂದಾಗ ಅವನು ಅಂಗಡಿಯ ಚೀಲಗಳ ಮೇಲಿನಿಂದ ನನ್ನನ್ನು ಬಹಳ ಹೊತ್ತು ನೋಡಿ, "ನಾನೂ ಇಪ್ಪತ್ತೆರಡು ವರ್ಷ ಒಂದ ಪ್ರಾಣಿ ಸಾಕೇನಿ, ನನಗ ಯಾರೂ ಪಗಾರ ಕೊಡಲಿಲ್ಲಲೇ" ಅಂದ. ಆಶೀರ್ವಾದ ಎಂದು ತಿಳಿದು ಹೊರಟುಬಂದೆ.

ನಮ್ಮ ಉದ್ಯಾನ ಇರುವುದು ಕಲಘಟಗಿಯಿಂದ ಕಾಡಿನ ಕಡೆಗೆ ಹೊರಟರೆ ಹೊಲಗಳು ಮುಗಿದು ತೇಗದ ಗಿಡಗಳು ಶುರುವಾಗುವ ಗಡಿಯಲ್ಲಿ. ಬಹಳ ದೊಡ್ಡದೇನಲ್ಲ. ಒಂದು ತುದಿಯಲ್ಲಿ ನಿಂತು ಸೀನಿದರೆ ಇನ್ನೊಂದು ತುದಿಯ ನರಿ ಕಿವಿ ನಿಮಿರಿಸುತ್ತದೆ. ನಮ್ಮ ನಾಡಿನವು ಅಂದರೆ ಚಿಗರಿ, ನರಿ, ಮುಳ್ಳುಹಂದಿ, ಆಮೆ, ನವಿಲು. ಪರದೇಶದವು ಅಂದರೆ ದೊಡ್ಡ ಬಣ್ಣದ ಗಿಳಿಗಳು, ಇಗುವಾನ, ಆಮೇಲೆ ಈ ಕಥೆಯ ನಾಯಕರಾದ ಆರು ಎಮುಗಳು. ಎಮು ಸಾಕಿದರೆ ಮನೆಯ ಮೇಲೆ ಮನೆ ಏರಿಸಬಹುದು ಎಂದು ಜನ ನಂಬಿದ್ದ ಕಾಲವೊಂದಿತ್ತಲ್ಲ, ಆ ಕಾಲ ಮುಗಿದ ಮೇಲೆ ಯಾರೋ ಬಿಟ್ಟುಹೋದ ಹಕ್ಕಿಗಳ ಪೈಕಿ ಇವು. ನೋಡಲು ಬರುವವರು ಇವುಗಳಿಗೆ ಇಟ್ಟ ಹೆಸರು 'ಒಂಟಿ ಕೋಳಿ', ಅಂದರೆ ಒಂಟೆಯ ಕುತ್ತಿಗೆಯ ಕೋಳಿ. ಅಣ್ಣಿಗೇರಿ ಕಡೆಯ ಒಬ್ಬ ಯಜಮಾನರು ಹೆಂಡತಿಗೆ, "ಇದು ಉಷ್ಟ್ರಪಕ್ಷಿ, ಇನ್ನೂ ಮರಿ ಐತಿ" ಎಂದು ವಿವರಿಸಿ ಹೋದರು. ಮರುವರ್ಷ ಮತ್ತೆ ಬಂದವರೇ ನನ್ನ ಮೇಲೆ ಸಿಟ್ಟಾದರು: "ಹೋದ ವರ್ಷ ಎಷ್ಟಿತ್ತೋ ಅಷ್ಟ ಐತಲ್ಲೋ! ಏನ್ ತಿನ್ನಸ್ತೀರಿ ಇದಕ್ಕ, ಬರೇ ಗಾಳಿಯೇನು?" ಇಗುವಾನದ ಗಾಜಿನ ಮುಂದೆ ನಿಂತ ಶಲವಡಿಯ ರೈತನೊಬ್ಬನಂತೂ ಸೀದಾ ಗೇಟಿಗೆ ಹೋಗಿ, "ಇದು ಉಡಾ. ನಮ್ಮ ಬದುವಿನ್ಯಾಗ ದಿನಾ ನೋಡ್ತೇನಿ. ಇದೊಂದರ ಪಾಲಿನ ರೊಕ್ಕ ವಾಪಸ್ ಕೊಡ್ರಿ" ಎಂದು ಹಟ ಹಿಡಿದಿದ್ದ.

ನನ್ನ ಮೇಲಿನವರು ಇಬ್ಬರು. ಒಬ್ಬರು ಮ್ಯಾನೇಜರ್ ಸಾಹೇಬರು, ಹುಬ್ಬಳ್ಳಿಯಿಂದ ದಿನವೂ ಬಂದು ಹೋಗುವವರು, ಯಾವ ಮಾತನ್ನೂ "ತಿಳೀತಿಲ್ಲೋ?" ಇಲ್ಲದೆ ಮುಗಿಸದವರು. ಇನ್ನೊಬ್ಬಳು ನೀಲವ್ವ, ಉದ್ಯಾನದಷ್ಟೇ ಹಳೆಯ ಕೆಲಸದಾಕೆ, ಮ್ಯಾನೇಜರರಿಗೂ ಮುಳ್ಳುಹಂದಿಗೂ ಒಂದೇ ದನಿಯಲ್ಲಿ ಗದರುವವಳು. ಮೊದಲ ದಿನವೇ ಸಾಹೇಬರು ನನ್ನ ಕೈಗೆ ಒಂದು ಹೊಳೆಯುವ ಸೀಟಿ ಕೊಟ್ಟು, "ಎಮುಗೋಳಿಗೆ ಕಾಳ ಹಾಕೂವಾಗ ಇದನ್ನ ಊದಬೇಕು. ದಿನಾ ಒಂದ ಸಪ್ಪಳಕ್ಕ ಒಳಗ ಬಂದ್ರ ಎಣಸಾಕ ಸಸಾರ ಆಗತೈತಿ, ತಿಳೀತಿಲ್ಲೋ?" ಅಂದರು. ತಿಳಿಯಿತು. ಹತ್ತೊಂಬತ್ತು ದಿನ ಊದಿದೆ. ಇಪ್ಪತ್ತನೆಯ ದಿನ ಎಮುಗಳಲ್ಲೆಲ್ಲ ಎತ್ತರವಾದದ್ದು ನನ್ನ ಕೊರಳಿನ ದಾರವನ್ನು ಹಿಡಿದು ಎಳೆದು ಸೀಟಿಯನ್ನು ನುಂಗಿಬಿಟ್ಟಿತು. ಕುತ್ತಿಗೆ ಉದ್ದ ಮಾಡಿ ಎಲ್ಲರ ಕೈಚೀಲದೊಳಗೆ ಇಣುಕುವ ಅದರ ಚಾಳಿ ನೋಡಿ ನಾನು ಅದಕ್ಕೆ 'ಕಾಕಾ' ಎಂದು ಹೆಸರಿಟ್ಟಿದ್ದೆ. ನಮ್ಮ ಕಾಕಾ ಕೂಡ ಹಾಗೆಯೇ. ಮೂರು ದಿನ ಅದರ ಹಿಂದೆ ಹಿಂದೆ ನಡೆದೆ. ಮೂರನೆಯ ದಿನ ಸೀಟಿ ಬರಬೇಕಾದ ಹಾದಿಯಿಂದಲೇ ಬಂತು. ಹೋಗಿ ವರದಿ ಒಪ್ಪಿಸಿದರೆ ಸಾಹೇಬರು, "ಚಂದಂಗ ತೊಳಕೊಂಡ ಊದಪಾ" ಅಂದರು. ಅಂದಿನಿಂದ ನಾನು ಬಾಯಿಂದಲೇ ಕರೆಯಲು ನಿಶ್ಚಯಿಸಿದೆ.

ಬಾಯಿಂದ ಕರೆಯಬೇಕು ಎಂದಾಗ ನನಗೆ ತಟ್ಟನೆ ನೆನಪಾದದ್ದು ಚರಗದ ಕೂಗು. ಸೀಗೀ ಹುಣ್ಣಿಮೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಫಲ ಹೊತ್ತು ನಿಂತ ಭೂಮಿತಾಯಿ ಬಸುರಿ ಇದ್ದಂತೆ, ಅವಳ ಬಯಕೆ ತೀರಿಸಬೇಕು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಚರಗ ಮಾಡಿ, ಒಬ್ಬ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತ "ಹುಲ್ಲುಲ್ಲಿಗೋ..." ಎಂದು ಒದರುತ್ತಾನೆ. ಹಿಂದೆ ನೀರು ಚಿಮುಕಿಸುತ್ತ ಬರುವವನು "ಸಲಾಂಬ್ರಿಗೋ..." ಎಂದು ದನಿಗೂಡಿಸುತ್ತಾನೆ. ಹಾಗೆಂದರೇನು ಎಂದು ನನ್ನನ್ನು ಕೇಳಬೇಡಿ, ನನ್ನ ಅಪ್ಪನನ್ನೂ ಕೇಳಬೇಡಿ; ಅವನು ಅದನ್ನು ತನ್ನ ಅಪ್ಪನಿಂದ ಕೇಳದೆಯೇ ಕಲಿತವನು. ಹುಳ, ಹಕ್ಕಿ, ಇರುವೆ, ದೇವರು, ಯಾರು ಬಂದರೂ ಉಂಡು ಹೋಗಲಿ ಎಂಬುದಷ್ಟೇ ಗೊತ್ತು. ನಮ್ಮ ಕಾಕಾ, ಅಂದರೆ ಎರಡು ಕಾಲಿನ ಮೇಲೆ ನಡೆಯುವ, ರೆಕ್ಕೆ ಇಲ್ಲದ, ನನ್ನ ಅಪ್ಪನ ತಮ್ಮ, ಇದನ್ನು ಕೂಗಿದರೆ ಮೂರು ಹೊಲದಾಚೆ ಎತ್ತುಗಳು ಬೆಚ್ಚುತ್ತವೆ. ಅವನ ದನಿಯನ್ನೇ ಎತ್ತಿಕೊಂಡು, ಸಂಜೆ ಕಾಳಿನ ಬಕೆಟ್ ಹಿಡಿದು, "ಹುಲ್ಲುಲ್ಲಿಗೋ..." ಅಂದೆ. ಹದಿನೈದು ದಿನದಲ್ಲಿ ಆರೂ ಎಮುಗಳು ಕುತ್ತಿಗೆ ಚಾಚಿಕೊಂಡು, ಮೈಮೇಲಿನ ಗರಿಗಳನ್ನು ಹಳೆಯ ಕೌದಿಯಂತೆ ಕುಣಿಸುತ್ತ ಓಡಿ ಬರತೊಡಗಿದವು. ನೋಡುವ ಜನ ಕೈ ಚಪ್ಪಾಳೆ ತಟ್ಟಿದರು. ಸಾಹೇಬರು ಕೂಡ, "ನಮ್ಮ ಸಂಸ್ಕೃತಿ ಉಳಸಾಕತ್ತೀಪಾ ನೀ" ಎಂದು ಬೆನ್ನು ತಟ್ಟಿದರು. ನೀಲವ್ವ ಒಬ್ಬಳೇ ಸೆರಗಿನಿಂದ ಬೆವರೊರೆಸಿಕೊಂಡು, "ವರ್ಷಕ್ಕೊಮ್ಮೆ ಭೂಮಿತಾಯಿಗೆ ಒದರೂದನ್ನ ದಿನಾ ಕೋಳಿಗೆ ಒದರತೀಯಲ್ಲೋ ಭಾಡ್ಯಾ. ಒಂದಿನ ಆ ತಾಯೇ ನಿನ್ನ ಕಿವಿ ಹಿಂಡತಾಳ, ನಿಂದ್ರ" ಅಂದಳು. ನಾನು ಅದೇ ಮಾತನ್ನು ಅದೇ ದನಿಯಲ್ಲಿ ಅವಳಿಗೇ ಹೇಳಿ ತೋರಿಸಿದೆ. ಬಕೆಟ್ ಬೀಸಿ ಬಂತು, ತಪ್ಪಿಸಿಕೊಂಡೆ.

ಇನ್ನು ಆ ದಿನಕ್ಕೆ ಬರುತ್ತೇನೆ. ಪರದೇಶದ ಪ್ರಾಣಿ ಸಾಕುವ ನಮ್ಮ ಪರವಾನಗಿ ಮುಗಿಯುತ್ತ ಬಂದಿತ್ತು. ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ತಪಾಸಣೆ ಸಾಹೇಬರೊಬ್ಬರು ಬರುವವರಿದ್ದರು, ಅದೂ ಸರಿಯಾಗಿ ಸೀಗೀ ಹುಣ್ಣಿಮೆಯ ಮಧ್ಯಾಹ್ನ ಮೂರಕ್ಕೆ. ಹಿಂದಿನ ದಿನ ಮ್ಯಾನೇಜರ್ ಸಾಹೇಬರು ನಮ್ಮಿಬ್ಬರನ್ನೂ ನಿಲ್ಲಿಸಿ, "ಪಟ್ಟಿ ಹಿಡದು ಒಂದೊಂದ ಎಣಸ್ತಾರ. ಒಂದ ಕಮ್ಮಿ ಬಿತ್ತಂದ್ರ ಪರವಾನಗಿ ಹೋತು. ಎಮುಗೋಳನ್ನ ಲಾರಿ ಹತ್ತಿಸಿ ಎಲ್ಲೆರ ದೂರದ ದೊಡ್ಡ ಪ್ರಾಣಿಸಂಗ್ರಹಾಲಯಕ್ಕ ಒಯ್ತಾರ, ತಿಳೀತಿಲ್ಲೋ?" ಅಂದರು. ನನಗೆ ಅವತ್ತು ತಮಾಷೆ ಮಾಡುವ ಮನಸ್ಸಾಗಲಿಲ್ಲ. ಒಮ್ಮೆ ಬಿಟ್ಟುಹೋದವರ ಕೈಯಿಂದ ಬಂದ ಹಕ್ಕಿಗಳು ಅವು. ಬಂದ ಹೊಸದರಲ್ಲಿ ಯಾರು ಹತ್ತಿರ ಹೋದರೂ ಮೂಲೆಗೆ ಸೇರಿ ಒಂದರ ಹಿಂದೊಂದು ಅಡಗುತ್ತಿದ್ದವು ಎಂದು ನೀಲವ್ವ ಹೇಳಿದ್ದಳು. ಈಗ ನನ್ನ ಕಿಸೆಯೊಳಗೆ ಕೊಕ್ಕು ಹಾಕುತ್ತವೆ. ಅವನ್ನು ಮತ್ತೊಮ್ಮೆ ಲಾರಿ ಹತ್ತಿಸುವುದನ್ನು ನೆನೆದು ಆ ಸಂಜೆ ಬಕೆಟ್ಟಿಗೆ ಎರಡು ಬೊಗಸೆ ಕಾಳು ಹೆಚ್ಚು ಹಾಕಿದೆ.

ಹುಣ್ಣಿಮೆಯ ದಿನ ಬೆಳಗ್ಗೆಯಿಂದ ಎಮುಗಳ ಆವರಣ ಗುಡಿಸಿ, ಕಸವನ್ನು ತಳ್ಳುಗಾಡಿಯಲ್ಲಿ ತುಂಬಿ, ಹೊರಗಿನಿಂದ ಸುತ್ತಿ ಬಂದು ಹಿಂದಿನ ಮೇವಿನ ಗೇಟು ತೆಗೆದೆ. ಆ ಗೇಟು ಸೀದಾ ಹೊಲದ ದಾರಿಗೆ ಬೀಳುತ್ತದೆ. ದಾರಿಯಾಚೆ ಗಂಗವ್ವಜ್ಜಿಯ ಹೊಲ. ಟ್ರ್ಯಾಕ್ಟರ್ ಬಂದು ನಿಂತಿತ್ತು, ಬುಟ್ಟಿಗಳು ಇಳಿಯುತ್ತಿದ್ದವು, ಎಣ್ಣೆಗಾಯಿಯ ವಾಸನೆ ಗಾಳಿಯಲ್ಲಿ ತೇಲಿ ನನ್ನ ಮೂಗಿನ ಮುಂದೆ ಬಂದು ಕೂತಿತ್ತು. ಎಮುಗಳು ಆಚೆ ಮೂಲೆಯ ನೆರಳಲ್ಲಿ ಮಲಗಿದ್ದವು. ನಾನು ತಳ್ಳುಗಾಡಿಯನ್ನು ಗೇಟಿನ ಈಚೆಯೇ ಬಿಟ್ಟು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು, ಯಾರ ಬುಟ್ಟಿಯಲ್ಲಿ ಶೇಂಗಾ ಹೋಳಿಗೆ ಇರಬಹುದು ಎಂದು ಯೋಚಿಸುತ್ತಿದ್ದೆ. ಆಗ ಗಂಗವ್ವಜ್ಜಿಯ ಮಗ ಫಕೀರಪ್ಪ ಹೊಲದ ನಡುವಿನಿಂದ ಎದೆ ತುಂಬಿ, "ಹುಲ್ಲುಲ್ಲಿಗೋ..." ಎಂದ.

ಆಗಲೂ ನನಗೆ ಹೊಳೆಯಲಿಲ್ಲ. ನನ್ನ ಬುದ್ಧಿ ಯಾವತ್ತೂ ನನ್ನ ಬಾಯಿಗಿಂತ ಎರಡು ಹೆಜ್ಜೆ ಹಿಂದೆ ನಡೆಯುತ್ತದೆ. ಕೂಗು ಕೇಳಿದರೆ ಮಾರುತ್ತರ ಕೊಡಬೇಕಲ್ಲ! ನಾನೂ ಎದೆ ತುಂಬಿ, "ಸಲಾಂಬ್ರಿಗೋ..." ಅಂದೆ. ಅಷ್ಟರಲ್ಲಿ ಎಡದ ಹೊಲದವರು ಕೂಗಿದರು, ಬಲದ ಹೊಲದವರು ಕೂಗಿದರು, ಹಳ್ಳದಾಚೆಯವರೂ ಕೂಗಿದರು. ದಿನಕ್ಕೊಂದೇ ಬಾಯಿ ಕರೆಯುತ್ತಿದ್ದ ಊಟಕ್ಕೆ ಇಂದು ನಾಲ್ಕೂ ದಿಕ್ಕು ಕರೆಯುತ್ತಿದೆ! ಬೆನ್ನ ಹಿಂದೆ ದಡದಡ ಸಪ್ಪಳವಾಯಿತು. ತಿರುಗುವಷ್ಟರಲ್ಲಿ ಕಾಕಾ ನನ್ನ ತೊಡೆಯ ಬಾಜೂದಿಂದ ದಾಟಿತ್ತು. ಅದರ ಹಿಂದೆ ಎರಡು, ಮೂರು, ನಾಲ್ಕು. ಐದನೆಯದು ತಳ್ಳುಗಾಡಿಯನ್ನು ಉರುಳಿಸಿತು. ನಾನು ಕಸದ ಮೇಲೆ ಬಿದ್ದು, ಎದ್ದು, ಉಳಿದದ್ದನ್ನಾದರೂ ಉಳಿಸಿಕೊಳ್ಳೋಣವೆಂದು ಇದ್ದಷ್ಟೂ ಶಕ್ತಿ ಹಾಕಿ ಗೇಟನ್ನು ದಬ್ಬಿದೆ. ಖಟ್ ಎಂದು ಹೊರಗಿನ ಚಿಲಕ ತಾನೇ ಬಿತ್ತು. ಎಣಿಸಿದೆ. ಆರನೆಯದು ಆಗಲೇ ಹೊರಗಿತ್ತು. ಗೇಟಿನ ಆಚೆ ನಿಂತು ನನ್ನನ್ನು ಒಮ್ಮೆ ನೋಡಿತು. ನೋಡಲು ಬಂದವರು ಪ್ರಾಣಿಯನ್ನು ಹೇಗೆ ನೋಡುತ್ತಾರೋ ಹಾಗೆ. ಕೈಯಲ್ಲಿ ಶೇಂಗಾ ಇದ್ದಿದ್ದರೆ ಎರಡು ಕಾಳು ಎಸೆಯುತ್ತಿತ್ತೇನೋ.

ಉದ್ಯಾನದ ಕಡೆಗೆ ಇನ್ನೊಂದು ಬಾಗಿಲಿತ್ತು, ಆದರೆ ಅದರಿಂದ ಹೋದರೆ ಸೀದಾ ಮ್ಯಾನೇಜರ್ ಸಾಹೇಬರ ಕೋಣೆಯ ಮುಂದೆಯೇ ಹಾಯಬೇಕು. ತಂತಿ ಬೇಲಿ ಹತ್ತಿದೆ. ಬೇಲಿಯ ಮೇಲ್ತುದಿ ನನ್ನ ಅಂಗಿಯನ್ನು ಹಿಡಿದುಕೊಂಡಿತು. ನಾನು ಕೆಳಗೆ ಬಂದೆ, ಬೆನ್ನಿನ ಕಡೆಯ ಅರ್ಧ ಅಂಗಿ ಮೇಲೆಯೇ ಉಳಿಯಿತು. ಓಡಿಹೋಗಿ ನೋಡಿದರೆ ಆರೂ ಗಂಗವ್ವಜ್ಜಿಯ ಬನ್ನಿಗಿಡದ ಸುತ್ತ ಸೇರಿ ಪಂಕ್ತಿ ಊಟಕ್ಕೆ ಕೂತವರಂತೆ ತಿನ್ನುತ್ತಿವೆ. ಚೆಲ್ಲಿದ ಚರಗ ಮುಗಿಸಿ ಬುಟ್ಟಿಗೇ ಕೊಕ್ಕು ಹಾಕಿವೆ. ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಲೆ, ಕಡಬು, ಒಂದನ್ನೂ ಬಿಡುತ್ತಿಲ್ಲ. ಸೊಸೆಯಂದಿರು ಟ್ರ್ಯಾಕ್ಟರ್ ಏರಿ ನಿಂತಿದ್ದಾರೆ. ಫಕೀರಪ್ಪ ಚರಗದ ಬುಟ್ಟಿಯನ್ನೇ ತಲೆಯ ಮೇಲೆ ಮುಚ್ಚಿಕೊಂಡಿದ್ದಾನೆ. ಗಂಗವ್ವಜ್ಜಿ ಮಾತ್ರ ನೆಲದ ಮೇಲೆ ಗಟ್ಟಿಯಾಗಿ ಕೂತು, ಕಾಕಾನ ತಲೆಗೆ ಅರಿಷಿಣ ಕುಂಕುಮ ಹಚ್ಚುತ್ತಿದ್ದಾಳೆ. "ಅರವತ್ತು ವರ್ಷ ಆತು ಒದರಾಕತ್ತು. ಗುಬ್ಬಿ ಬಂದಾವು, ಕಾಗಿ ಬಂದಾವು. ಹಿಂತಾ ಬೀಗರು ಇವತ್ತ ಬಂದಾವು ನೋಡ" ಎಂದು ಕಣ್ಣು ತುಂಬಿಕೊಂಡಿದ್ದಾಳೆ.

"ಯಮ್ಮಾ, ಇವು ನಮ್ಮ ಪಾರ್ಕಿನವು, ಹೊಡಕೊಂಡ ಹೋಗಬೇಕ್ರಿ" ಎಂದು ಕೈ ಎತ್ತಿದೆ. ಅವಳು ನನ್ನ ಕೈಮೇಲೆ ಸೌಟಿನಿಂದ ಒಂದು ಕೊಟ್ಟಳು. "ಉಣ್ಣೂವಾಗ ಯಾರನ್ನೂ ಎಬ್ಬಸಬಾರದು. ನಿಮ್ಮವ್ವ ಕಲಿಸಿಲ್ಲನು? ನೀನೂ ಕುಂದ್ರ, ಒಂದ ರೊಟ್ಟಿ ತಿನ್ನು." "ಹೊತ್ತಿಲ್ಲಬೇ ಆಯಿ!" "ಅವಕ್ಕ ಹೊತ್ತೈತಿ, ನಿನಗಿಲ್ಲನು? ಕುಂದ್ರ!" ಬೆನ್ನ ಮೇಲೆ ಅಂಗಿ ಇಲ್ಲದವನ ಮಾತಿಗೆ ಎಷ್ಟು ತೂಕವಿರುತ್ತದೆ! ಅವುಗಳ ಊಟ ಮುಗಿಯಲೆಂದು ಕಾದು ನಿಂತೆ.

ಅಷ್ಟರಲ್ಲಿ ಫೋನು ಬಂತು. ನೀಲವ್ವ ಪಿಸುದನಿಯಲ್ಲಿ, "ಎಲ್ಲಿ ಹಾಳಾಗಿ ಹೋಗೀಯೋ? ತಪಾಸಣಿ ಸಾಹೇಬ ಒಂದೂವರಿ ತಾಸ ಮೊದಲ ಬಂದಾನ. ಮುಳ್ಳುಹಂದಿ ಎಣಸಾಕತ್ತಾನ" ಅಂದಳು. ಇದ್ದದ್ದನ್ನು ಇದ್ದಂತೆ ಹೇಳಿದೆ.

"ಆರೂ?"

"ಆರೂ."

"ಒಂದರ ಉಳದಿದ್ರ ಅದನ್ನ ಆರು ಸರತಿ ತೋರಸ್ತಿದ್ದೆ. ಸುಡ್ಲಿ ನಿನ್ನ ಬಾಯಿ. ನಾ ಚಿಗರಿಗೋಳ ಹೆಸರು ಹೇಳಕೋತ ನಿಂದ್ರತೇನಿ. ಲಗೂನ ತಗೊಂಡ ಬಾ."

ನಮ್ಮ ಚಿಗರಿಗಳು ಹನ್ನೊಂದು. ಒಂದಕ್ಕೂ ಹೆಸರಿಲ್ಲ. ನೀಲವ್ವ ಆ ಹನ್ನೊಂದಕ್ಕೂ ನಿಂತ ನಿಲುವಿನಲ್ಲಿ ಹೆಸರಿಟ್ಟು, ಯಾವುದು ಯಾವುದರ ಅತ್ತೆ, ಯಾವುದು ಯಾರ ಸೊಸೆ, ಯಾರಿಗೆ ಯಾರ ಜೊತೆ ಯಾಕೆ ಮಾತಿಲ್ಲ ಎಂದು ವಂಶಾವಳಿ ಹೇಳಿದಳಂತೆ. ತಪಾಸಣೆ ಸಾಹೇಬರು ಎರಡು ಪುಟ ಬರೆದುಕೊಂಡರಂತೆ.

ಇತ್ತ ಎಮುಗಳು ಉಂಡು ಮುಗಿಸಿದವು. ಮುಗಿಸಿ, ನಾನು ಅಂದುಕೊಂಡಂತೆ ಮನೆಗೆ ಹೊರಡುವ ಬದಲು, ಹೊಟ್ಟೆ ತುಂಬಿದ ಯಾರೂ ಮಾಡುವಂತೆ ಬನ್ನಿಗಿಡದ ನೆರಳಿನಲ್ಲಿ ಕಾಲು ಮಡಿಸಿ ಮಲಗಿದವು. "ಹುಲ್ಲುಲ್ಲಿಗೋ" ಅಂದೆ. ಕಾಕಾ ಒಂದು ಕಣ್ಣು ತೆಗೆದು, ಇನ್ನೂ ಉಣಬಡಿಸುತ್ತೀಯಾ ಎಂಬಂತೆ ನೋಡಿ ಮುಚ್ಚಿಕೊಂಡಿತು. ಹಿಂದಿನಿಂದ ದಬ್ಬಲು ಹೋದೆ. ಎಮುವಿನ ಕಾಲು ಹಿಂದಕ್ಕಲ್ಲ, ಮುಂದಕ್ಕೆ ಒದೆಯುತ್ತದೆ ಎಂದು ಓದಿದ್ದೆ. ಆದರೆ ಎಮು ಅಷ್ಟು ಬೇಗ ತಿರುಗುತ್ತದೆ ಎಂದು ಎಲ್ಲಿಯೂ ಬರೆದಿರಲಿಲ್ಲ. ಮ್ಯಾನೇಜರ್ ಸಾಹೇಬರ ದನಿ ತೆಗೆದು, "ಎಲ್ಲಾರೂ ಒಳಗ ನಡೀರಿ, ತಿಳೀತಿಲ್ಲೋ?" ಎಂದು ಗದರಿದೆ. ಎಮುಗಳು ಅಲುಗಲಿಲ್ಲ, ಫಕೀರಪ್ಪ ಬೀಡಿ ಎಸೆದು ಎದ್ದು ನಿಂತ. ಕೊನೆಗೆ ಹೆದರಿಸಿಯಾದರೂ ಎಬ್ಬಿಸೋಣವೆಂದು ನರಿಯಂತೆ ಊಳಿಟ್ಟೆ. ಇದು ನನ್ನ ಅಂದಿನ ಎರಡನೆಯ ಮಹಾ ಮೂರ್ಖತನ. ಆರೂ ಒಮ್ಮೆಲೇ ಎದ್ದವು, ಆದರೆ ಓಡಿದ್ದು ಉದ್ಯಾನದ ಕಡೆಗಲ್ಲ, ಕಾಡಿನ ಕಡೆಗೆ. ಹೊಲದ ಕೊನೆಯ ಬದುವಿನ ಮೇಲೆ ನಿಂತು ಹಿಂತಿರುಗಿ ನೋಡಿದವು. ಇನ್ನೊಂದು ಜಿಗಿತ ಜಿಗಿದರೆ ತೇಗದ ಗಿಡಗಳ ಸಾಲು. ಅದರಾಚೆ ಎಣಿಸಲು ಯಾರಿಗೂ ಸಾಧ್ಯವಿಲ್ಲ.

ಗಂಗವ್ವಜ್ಜಿ ತಂಬಿಗೆ ಮುಂದೆ ಹಿಡಿದು, "ನೀರ ಕುಡಿ, ಬಾಯಾಗಿನ ಉಗುಳ ಆರೇತಿ" ಅಂದಳು. ನೀರು! ಎಮುವಿಗೆ ಕಾಳಿಗಿಂತ ಪ್ರೀತಿ ಇರುವುದು ನೀರಿನ ಮೇಲೆ. ದಿನಾ ಮಧ್ಯಾಹ್ನ ನಾವು ಬಾವಿಯ ಹಳೆಯ ಡೀಸೆಲ್ ಪಂಪು ಶುರುಮಾಡಿ ಅವುಗಳ ಮೇಲೆ ಪೈಪಿನಿಂದ ನೀರು ಹಾರಿಸುತ್ತೇವೆ. ಆ ಪಂಪಿನ ಸಪ್ಪಳ ಕೇಳಿದರೆ ಸಾಕು, ಆರೂ ಎಲ್ಲಿದ್ದರೂ ಓಡಿ ಬಂದು, ಮದುವೆ ಮನೆಯ ಬಚ್ಚಲ ಮುಂದೆ ನಿಂತವರಂತೆ ಸರತಿಗೆ ನಿಲ್ಲುತ್ತವೆ. ಮೇಲೆ ಇಂದು ತಿಂದದ್ದೆಲ್ಲ ಉಪ್ಪು ಖಾರದ್ದು. ನಾನು ಎರಡು ಗುಟುಕು ಕುಡಿದು, ಕಣ್ಣು ಮುಚ್ಚಿ, ಆ ಪಂಪನ್ನು ನೆನೆದೆ. ಅದು ಸುಮ್ಮನೆ ಶುರುವಾಗುವ ಪಂಪಲ್ಲ. ಮೊದಲು ಎರಡು ಸಲ ಕೆಮ್ಮುತ್ತದೆ, ಒಮ್ಮೆ ಬಿಕ್ಕುತ್ತದೆ, ಸತ್ತೇ ಹೋಯಿತು ಅನ್ನುವಷ್ಟರಲ್ಲಿ ಜೀವ ಹಿಡಿಯುತ್ತದೆ. ಕೆಮ್ಮಿದೆ. ಬಿಕ್ಕಿದೆ. ಆಮೇಲೆ ತುಟಿ ನಡುಗಿಸುತ್ತ, ಗಂಟಲ ತಳದಿಂದ, "ಡುಗು ಡುಗು ಡುಗು ಡುಗು..." ಎಂದು ಹಿಡಿದೆ. ನಡುನಡುವೆ ಒಡೆದ ಪೈಪಿನ "ಸ್ಸ್‌ಸ್" ಎಂಬುದನ್ನೂ ಬಿಡಲಿಲ್ಲ.

ಬದುವಿನ ಮೇಲೆ ಆರು ಕುತ್ತಿಗೆಗಳು ಒಮ್ಮೆಲೇ ನೆಟ್ಟಗಾದವು. ಕಾಕಾ ಒಂದು ಹೆಜ್ಜೆ ಇಟ್ಟಿತು. ನಾನು ಹಿಂದೆ ಹಿಂದೆ ಸರಿದೆ. ಅದು ಇನ್ನೆರಡು ಇಟ್ಟಿತು. ಅಲ್ಲಿಂದ ಶುರುವಾದ ಮೆರವಣಿಗೆಯನ್ನು ಆ ದಾರಿ ಹಿಂದೆ ಕಂಡಿರಲಿಕ್ಕಿಲ್ಲ, ಮುಂದೆ ಕಾಣಲಿಕ್ಕೂ ಇಲ್ಲ. ಎದುರಿಗೆ ಬೆನ್ನು ಬರಿದಾದ ನಾನು, ಹಿಮ್ಮುಖವಾಗಿ ನಡೆಯುತ್ತ, ಕೆನ್ನೆ ಉಬ್ಬಿಸಿ ಡೀಸೆಲ್ ಪಂಪಾಗಿದ್ದೇನೆ. ನನ್ನ ಮುಂದೆ ಅರಿಷಿಣ ಕುಂಕುಮ ಹಚ್ಚಿಕೊಂಡ ಕಾಕಾ, ಅದರ ಹಿಂದೆ ಐದು, ಅವುಗಳ ಹಿಂದೆ ಬುಟ್ಟಿ ಹೊತ್ತ ಗಂಗವ್ವಜ್ಜಿ, ಫಕೀರಪ್ಪ, ಸೊಸೆಯಂದಿರು, ಎಡಬಲದ ಹೊಲದವರು. ನಡುವೆ ಯಾರೋ, "ಹುಲ್ಲುಲ್ಲಿಗೋ" ಎಂದು ಕೂಗಲು ಬಾಯಿ ತೆರೆದರು. ಗಂಗವ್ವಜ್ಜಿ ಆ ಬಾಯಿಗೆ ಒಂದು ಕಡಬು ತುರುಕಿದಳು. ಎರಡು ಸಲ ನನಗೆ ಉಸಿರು ಕಟ್ಟಿ ಪಂಪು ನಿಂತಿತು, ಎಮುಗಳೂ ನಿಂತವು. ನಮ್ಮ ಪಂಪು ನಿಜಕ್ಕೂ ಹಾಗೆಯೇ ನಿಲ್ಲುವುದರಿಂದ ಅವಕ್ಕೆ ಅನುಮಾನ ಬರಲಿಲ್ಲ.

ಗೇಟಿನ ಚಿಲಕವನ್ನು ಬೆನ್ನ ಹಿಂದೆ ಕೈಹಾಕಿ ತೆಗೆದು ಒಳಗೆ ಕಾಲಿಟ್ಟರೆ, ಖಾಲಿ ಆವರಣದ ನಡುವೆ, ಮಗುಚಿ ಬಿದ್ದ ತಳ್ಳುಗಾಡಿಯ ಪಕ್ಕದಲ್ಲಿ ಮೂವರು ನಿಂತಿದ್ದರು. ಮ್ಯಾನೇಜರ್ ಸಾಹೇಬರ ಮುಖ ಸುಣ್ಣದಂತಾಗಿತ್ತು. ನೀಲವ್ವ ಕಣ್ಣುಮುಚ್ಚಿ ಏನೋ ಜಪಿಸುತ್ತಿದ್ದಳು. ತಪಾಸಣೆ ಸಾಹೇಬರು ಪಟ್ಟಿ ಹಿಡಿದು, "ಎಮು ಆರು ಅಂತ ಬರದೀರಿ. ನನಗ ಒಂದೂ ಕಾಣವೊಲ್ದು" ಎನ್ನುತ್ತಿದ್ದರು. ನಾನು ಒಳಬಂದದ್ದನ್ನು ನೋಡಿ, "ಯಾರ್ರೀ ನೀವು?" ಅಂದರು.

"ಡುಗು ಡುಗು ಡುಗು" ಅಂದೆ. ನಿಲ್ಲಿಸುವಂತಿರಲಿಲ್ಲ. ನಾಲ್ಕು ಎಮು ಇನ್ನೂ ಹೊರಗಿದ್ದವು.

"ಹೆಸರೇನ್ರಿ ನಿಮ್ಮದು?"

"ಡುಗು ಡುಗು ಡುಗು, ಸ್ಸ್‌ಸ್."

ಸಾಹೇಬರು ಪೆನ್ನು ಎತ್ತಿದರು. ನೀಲವ್ವ ಕಣ್ಣು ತೆರೆದವಳೇ, "ಬರಕೋಬ್ಯಾಡ್ರಿ ಸಾಹೇಬ್ರ, ಅವನ ಹೆಸರ ಅದಲ್ರಿ" ಎಂದು ಕೂಗಿ, ಸೀರೆ ಎತ್ತಿ ಕಟ್ಟಿ, ಬಾವಿಯ ಕಡೆ ಓಡಿದಳು. ಆರನೆಯ ಎಮು ಗೇಟು ದಾಟುವುದಕ್ಕೂ ನಿಜವಾದ ಪಂಪು ಕೆಮ್ಮಿ, ಬಿಕ್ಕಿ, ಜೀವ ಹಿಡಿಯುವುದಕ್ಕೂ ಸರಿಹೋಯಿತು. ಪೈಪಿನಿಂದ ನೀರು ಹಾರಿತು. ಆರೂ ಎಮುಗಳು ನೀರಿನ ಕೆಳಗೆ ನುಗ್ಗಿ ಕುಣಿದವು, ಉರುಳಿದವು, ಕಾಕಾನ ತಲೆಯ ಅರಿಷಿಣ ಕುಂಕುಮ ಕುತ್ತಿಗೆಯುದ್ದಕ್ಕೂ ಹರಿದು ಇಳಿಯಿತು. ಗೇಟಿನಲ್ಲಿ ನಿಂತ ಜನರೆಲ್ಲ ಚಪ್ಪಾಳೆ ತಟ್ಟಿದರು. ತಪಾಸಣೆ ಸಾಹೇಬರು ನೀರು ಸಿಡಿದ ಕನ್ನಡಕದೊಳಗಿನಿಂದಲೇ ಒಂದು, ಎರಡು ಎಂದು ಎಣಿಸಿದರು. ಆರು. ಅನುಮಾನ ಬಂದು ಮತ್ತೆ ಎಣಿಸಿದರು. ಆಗಲೂ ಆರು. ನಾನು ಕೆನ್ನೆ ಒತ್ತಿಕೊಳ್ಳುತ್ತ, ಜಗತ್ತಿನಲ್ಲಿ ಬಾಯಿಯೊಂದಿದ್ದರೆ ಸಾಕು ಎಂದು ಎಲ್ಲರ ಕಡೆಗೂ ತಿರುಗಿ ತಿರುಗಿ ನಕ್ಕೆ.

ಆದರೆ ಸಾಹೇಬರು ಪಟ್ಟಿಯ ಕೊನೆಯ ಸಾಲಿಗೆ ಬಂದು ನಿಂತುಬಿಟ್ಟರು. "ಎಣಿಕಿ ಸರಿ ಐತಿ. ಇಲ್ಲಿ ಇನ್ನೊಂದು ಕೇಳ್ಯಾರ. 'ಪ್ರಾಣಿ ತಪ್ಪಿಸಿಕೊಂಡು ಹೋದ ಘಟನೆ ಇದೆಯೇ?' ಅಂತ. ಹೊರಗಿಂದ ಬಂದದ್ದನ್ನ ನಾ ಕಣ್ಣಾರೆ ನೋಡೇನಿ. ಬರೀಲಿಕ್ಕೇ ಬೇಕಾಗತೈತಿ." ನನ್ನ ನಗು ಎಲ್ಲಿತ್ತೋ ಅಲ್ಲಿಯೇ ಒಣಗಿತು. ಸಾಹೇಬರು ಗೇಟಿನ ಕಡೆ ತಿರುಗಿ, "ಅಜ್ಜಿ, ಹೊಲ ನಿಮ್ಮದೇನು? ಈ ಹಕ್ಕಿಗೋಳು ತಪ್ಪಿಸಿಕೊಂಡ ನಿಮ್ಮ ಹೊಲಕ್ಕ ನುಗ್ಗಿದ್ದು ಖರೆ ಹೌದಲ್ಲೋ? ಏನೇನ್ ಹಾಳ ಮಾಡ್ಯಾವ ಹೇಳ್ರಿ, ಬರಕೋತೇನಿ" ಅಂದರು.

ಗಂಗವ್ವಜ್ಜಿ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ಸೊಂಟಕ್ಕೆ ಇಟ್ಟುಕೊಂಡಳು. ತಪಾಸಣೆ ಸಾಹೇಬರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ನನ್ನನ್ನು, ಮುಂದಿನಿಂದ ಒಮ್ಮೆ, ಬೆನ್ನ ಕಡೆಯಿಂದ ಒಮ್ಮೆ ನೋಡಿದಳು.

"ತಪ್ಪಿಸಿಕೊಂಡ ಬಂದಾವು ಅಂದವರ್ಯಾರ? ನಾವು ನಾಕೂ ದಿಕ್ಕಿಗೆ ನಿಂತು ಒದರಿ ಒದರಿ ಕರದೇವಿ. ಕರದದ್ದಕ್ಕ ಬಂದಾವು, ಬಾಗಲದಾಗ ಹಾದ ಬಂದಾವು, ಮರ್ಯಾದಿಲೆ ಉಂಡಾವು, ಬಾಗಲದಾಗ ಹಾದ ಹೊಳ್ಳಿ ಬಂದಾವು. ಬೇಲಿ ಜಿಗದು, ಅಂಗಿ ಹರಕೊಂಡು, ಕರೀಲಾರದ ಓಡಿ ಬಂದಾಂವ ಈ ಹುಡುಗ ಒಬ್ಬನ. ಪ್ರಾಣಿ ತಪ್ಪಿಸಿಕೊಂಡದ್ದು ಬರಿಯಾಕ ಬೇಕ ಬೇಕಂದ್ರ, ಸಾಹೇಬ್ರ, ಇವನ ಹೆಸರ ಬರಕೋರಿ!"